ಎಲ್ಲರೂ ರುಜು ಹಾಕಿದ ಕರಾರು

ರಾಷ್ಟ್ರಗಳು ಒಟ್ಟಿಗೆ ಕೂಡಿ ಯಾವ ಕಾರ್ಯವನ್ನೂ ಕೊನೆಮುಟ್ಟಿಸಲಾರವು ಎಂಬ ಮಾತು ಈಚೆಗೆ ವಿದ್ಯಾವಂತರ ಗೋಷ್ಠಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ದೊಡ್ಡ ದೊಡ್ಡ ಸಭೆಗಳು ಸೇರುತ್ತವೆ, ಮಂತ್ರಿಗಳು ಉಪನ್ಯಾಸಮಾಡುತ್ತಾರೆ, ಎಲ್ಲರೂ ಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಂಡು ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತಾರೆ, ಲೋಕ ಮಾತ್ರ ಇದ್ದಂತೆಯೇ ಇರುತ್ತದೆ. ಈ ದೂರು ಪೂರಾ ಸುಳ್ಳೆಂದು ನಾವು ಹೇಳಲಾರೆವು. ಆದರೆ ಪೂರಾ ನಿಜವೂ ಅಲ್ಲ. 1987ನೆಯ ಇಸವಿ ಸೆಪ್ಟೆಂಬರ್ 16ರಂದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 24 ರಾಷ್ಟ್ರಗಳು ಒಂದು ಕರಾರಿಗೆ ರುಜು ಹಾಕಿದುವು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳಲ್ಲಿ ಅದಕ್ಕೆ ಸೇರದೆ ಹೊರಗೆ ಉಳಿದದ್ದು ಒಂದೂ ಇರಲಿಲ್ಲ. ವಿಶ್ವಸಂಸ್ಥೆಯ ಚರಿತ್ರೆಯಲ್ಲಿ ಅದಕ್ಕೆ ಮೊದಲು ಬೇರೆ ಯಾವ ಕರಾರಿಗೂ ಈ ಭಾಗ್ಯ ಬಂದಿರಲಿಲ್ಲ. ಅಷ್ಟೇ ಅಲ್ಲ, ಕರಾರಿನಲ್ಲಿ ಹೇಳಿದಂತೆ ಬಹುಮಟ್ಟಿಗೆ ನಡೆದೂ ನಡೆಯಿತು. ಅದು ಹೇಗೆ ಹುಟ್ಟಿತು, ಏಕೆ ನಿಂತಿತು, ಅದರ ಹಿಂದೆಯೇ ಬಂದ ಇತರ ಕರಾರುಗಳು ಏಕೆ ಕುಂಟುತ್ತಿವೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಕರಾರಿನ ವಿಷಯ ಓಜೋನ್ ಎಂಬ ವಾಯು. ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಓಜೋನಿನಲ್ಲಿ ಮೂರು. ಭೂಮಿಯಿಂದ ಹದಿನೈದು ಇಪ್ಪತ್ತು ಮೈಲಿ ಎತ್ತರದಲ್ಲಿ ಈ ವಾಯು ವಿರಳವಾಗಿ ಹರಡಿಕೊಂಡಿದೆ. ಎಷ್ಟು ವಿರಳವೆಂದರೆ, ಅದನ್ನೆಲ್ಲ ಕೂಡಿಸಿ ಸಮುದ್ರಮಟ್ಟದ ಒತ್ತಡಕ್ಕೆ ತಂದರೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪದರವಾದೀತು. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಸೂರ್ಯನಿಂದ ಬರುವ ಅತಿನೇರಿಳೆ ಕಿರಣಗಳಲ್ಲಿ ಪ್ರಾಣಿಗಳಿಗೂ ಪೈರುಗಳಿಗೂ ಹೆಚ್ಚು ಕೇಡು ಮಾಡತಕ್ಕವುಗಳನ್ನು ತಡೆಯುವುದು ಈ ತೆಳ್ಳನೆಯ ಪದರವೇ. ಅದು ಸವೆದರೆ ಚರ್ಮದ ಕ್ಯಾನ್ಸರ್ ಹೆಚ್ಚುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಬೆಳೆ ಕುಗ್ಗುತ್ತದೆ.

ಇದಕ್ಕೆ ಕುತ್ತು ತಂದ ವಸ್ತು ಹುಟ್ಟಿದ್ದು ಒಂದು ಉಪಕಾರದ ಉದ್ದೇಶದಿಂದ. 1920ರ ದಶಕದಲ್ಲಿ ಮನೆಗಳಿಗೆ ಬರತೊಡಗಿದ್ದ ಶೈತ್ಯಪೆಟ್ಟಿಗೆಗಳಲ್ಲಿ ಅಮೋನಿಯ, ಗಂಧಕದ ಡೈ ಆಕ್ಸೈಡ್, ಮೀಥೈಲ್ ಕ್ಲೋರೈಡ್ ಮೊದಲಾದ ವಾಯುಗಳನ್ನು ತುಂಬುತ್ತಿದ್ದರು. ಇವೆಲ್ಲವೂ ವಿಷ, ನಳಿಗೆ ಸೋರಿದರೆ ಮನೆಯವರ ಪ್ರಾಣಕ್ಕೆ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬಾತನೂ ಅವನ ಸಂಗಡಿಗರೂ ಸೇರಿ ಇಂಗಾಲ, ಕ್ಲೋರೀನ್, ಫ್ಲೋರೀನ್ ಈ ಮೂರನ್ನು ಕೂಡಿಸಿ ಕ್ಲೋರೋಫ್ಲೋರೋಕಾರ್ಬನ್ ಎಂಬ ಜಾತಿಯ ವಾಯುವನ್ನು ಸಿದ್ಧಮಾಡಿದರು. ಹೆಸರು ಉದ್ದವಾದುದರಿಂದ ಎಲ್ಲರಂತೆ ನಾವೂ ಸಿ.ಎಫ್.ಸಿ. ಎನ್ನೋಣ. ಅದು ಉರಿಯದು, ನಾರದು, ವಿಷವಲ್ಲ, ಯಾವುದರೊಡನೆಯೂ ಬೆರೆತು ಕೆಡದು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಜ್ಲಿ ಅದನ್ನು ತನ್ನ ಎದೆಯ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ಊದಿ, ಬತ್ತಿಯನ್ನು ಆರಿಸಿ ತೋರಿಸಿದನು. ಸಭೆ ತೃಪ್ತಿಪಟ್ಟಿತು. ಪೆಟ್ರೋಲಿಗೆ ಸೀಸ ಬೆರಸುವ ಉಪಾಯವನ್ನು ಕಂಡುಹಿಡಿದವನೂ ಇದೇ ಮಹಾನುಭಾವನೇ ಎಂಬುದು ಗಮನಿಸತಕ್ಕ ಸಂಗತಿ. ಒಬ್ಬ ಮನುಷ್ಯನ ಜಾಣತನದಿಂದ ವಾಯುಮಂಡಲಕ್ಕೆ ಎರಡು ಪೆಟ್ಟು ಬಿದ್ದುವು. 1944ರಲ್ಲಿ ತೀರಿಕೊಂಡ ಅವನಿಗೆ ಈ ಎರಡನೆಯದರ ಸುಳಿವೇ ಇರಲಿಲ್ಲ.

ಏನೂ ಆಗದ ಈ ವಸ್ತುವಿನ ಗುಣವೇ ಅದರ ದೋಷವಾಯಿತು. ಮಳೆಯಲ್ಲಿ ಕರಗದೆ, ಬಿಸಿಲಿಗೆ ಬಾಡದೆ, ಕೆಲವು ಜಾತಿಯವು ಐವತ್ತು ವರ್ಷ, ಕೆಲವು ನೂರು ವರ್ಷ ಗಾಳಿಯಲ್ಲಿಯೇ ಉಳಿದು, ಮೆಲ್ಲಮೆಲ್ಲನೆ ಮೇಲಕ್ಕೆ ಏರುತ್ತವೆ. ಮೇಲೆ ಓಜೋನಿನ ಮರೆಯನ್ನು ದಾಟಿದೊಡನೆ ತೀಕ್ಷ್ಣವಾದ ಕಿರಣಗಳು ತಗುಲಿ ಅಣು ಒಡೆಯುತ್ತದೆ. ಒಳಗಿದ್ದ ಕ್ಲೋರೀನ್ ಹೊರಬೀಳುತ್ತದೆ. ಆ ಕ್ಲೋರೀನಿನ ಒಂದು ಪರಮಾಣು ಓಜೋನಿನ ಒಂದು ಅಣುವನ್ನು ಮುರಿದು ತಾನು ಮುಗಿದುಹೋಗುವುದಿಲ್ಲ. ಮತ್ತೆ ಬಿಡುಗಡೆ ಹೊಂದಿ ಇನ್ನೊಂದಕ್ಕೆ ಕೈಹಾಕುತ್ತದೆ. ಹೀಗೆ ಒಂದೊಂದು ಪರಮಾಣುವೂ ಲಕ್ಷದವರೆಗೆ ಅಣುಗಳನ್ನು ಹಾಳುಮಾಡಬಲ್ಲುದು. ಇದನ್ನು 1974ರಲ್ಲಿ ಕಾಗದದ ಮೇಲೆ ಲೆಕ್ಕಹಾಕಿ ತೋರಿಸಿದವರು ಕ್ಯಾಲಿಫೋರ್ನಿಯದ ಷೆರ್ವುಡ್ ರೋಲೆಂಡ್ ಮತ್ತು ಮಾರಿಯೋ ಮೊಲಿನ. ವಾಯುಗಳನ್ನು ತಯಾರಿಸುತ್ತಿದ್ದ ಉದ್ಯಮಿಗಳು ಇದು ಬರಿಯ ಊಹೆ ಎಂದು ಗೇಲಿಮಾಡಿದರು. ಆದರೂ ಅಮೆರಿಕ, ಸ್ವೀಡನ್ ಮೊದಲಾದ ಕೆಲವು ದೇಶಗಳು ಸುಗಂಧದ್ರವ್ಯ, ಕೇಶತೈಲಗಳನ್ನು ಸಿಂಪಡಿಸುವ ಡಬ್ಬಿಗಳಲ್ಲಿ ಅದನ್ನು 1970ರ ದಶಕದ ಕೊನೆಗೆ ನಿಷೇಧಿಸಿದುವು. 1985ರ ಮೇ ತಿಂಗಳಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್, ಷಾಂಕ್ಲಿನ್ ಎಂಬ ಮೂವರು, ದಕ್ಷಿಣ ಧ್ರುವಖಂಡದ ಹ್ಯಾಲಿ ಠಾಣೆಯಲ್ಲಿ ವರ್ಷ ವರ್ಷವೂ ತೆಗೆದ ಅಳತೆಗಳನ್ನು ಪ್ರಕಟಿಸಿದರು. ಅಲ್ಲಿ ಅಕ್ಟೋಬರ್ ತಿಂಗಳ ಓಜೋನ್ ಹತ್ತು ವರ್ಷಗಳೊಳಗಾಗಿ ಸುಮಾರು ಮೂರರಲ್ಲೊಂದು ಪಾಲು ಕರಗಿಹೋಗಿತ್ತು. ರೋಲೆಂಡ್ ಮತ್ತು ಮೊಲಿನರ ಲೆಕ್ಕವೂ ಅಷ್ಟು ದೊಡ್ಡ ನಷ್ಟವನ್ನು ನಿರೀಕ್ಷಿಸಿರಲಿಲ್ಲ.

ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ವೃತ್ತಾಂತವನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸು ಬಾರದು. ವೀರಭದ್ರನ್ ರಾಮನಾಥನ್ ಎಂಬ ತರುಣ ಎಂಜಿನಿಯರು 1960ರ ದಶಕದಲ್ಲಿ ಸಿಕಂದರಾಬಾದಿನ ಶೈತ್ಯಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಯಂತ್ರಗಳಿಂದ ಸಿ.ಎಫ್.ಸಿ. ಬೇಗ ಬೇಗನೆ ಸೋರಿಹೋಗುತ್ತಿದ್ದುದು ಏಕೆ ಎಂಬುದನ್ನು ಪತ್ತೆಹಚ್ಚುವುದು ಅವರಿಗೆ ಒಪ್ಪಿಸಿದ್ದ ಕೆಲಸ. ಆ ಉದ್ಯೋಗ ಬೇಸರವಾಗಿ ಅವರು ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಓದಲು ಬಂದರು. ಅಲ್ಲಿಂದ ಅಮೆರಿಕಕ್ಕೆ ಹೋದರು. ಸೋರಿಹೋದ ಆ ವಾಯು ಮುಂದೆ ಏನಾಗುತ್ತದೆಂಬುದನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. 1975ರಲ್ಲಿ ರಾಮನಾಥನ್ನರು ಕೇಳಿದರು. ಭೂಮಿಯಿಂದ ಹೊರಡುವ ಶಾಖವನ್ನು ಹಿಡಿದಿಡುವುದರಲ್ಲಿ ಸಿ.ಎಫ್.ಸಿ.ಯ ಒಂದು ಅಣು ಅಂಗಾರಾಮ್ಲವಾಯುವಿನ, ಎಂದರೆ ಇಂಗಾಲದ ಡೈ ಆಕ್ಸೈಡಿನ, ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಿಗೆ ಸಮವೆಂದು ಅವರು ತೋರಿಸಿದರು. ಅಲ್ಲಿಂದ ಮುಂದೆ ಓಜೋನಿನ ಪ್ರಶ್ನೆಯೂ ಭೂಮಿಯ ಬಿಸಿಯ ಪ್ರಶ್ನೆಯೂ ಬೇರೆ ಬೇರೆಯಾಗಿ ಉಳಿಯಲಿಲ್ಲ. ಓಜೋನನ್ನು ಬಲೂನಿನಿಂದ ಅಳೆಯುವ ಉಪಕರಣವನ್ನು ನಮ್ಮ ದೇಶದಲ್ಲಿಯೇ ತಯಾರಾಗುವಂತೆ ಮಾಡಿದ ಅಣ್ಣಾ ಮಣಿಯವರೂ ಸರ್ ಸಿ. ವಿ. ರಾಮನ್ನರ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ವಿದ್ಯೆ ಕಲಿತವರು.

ವಿಜ್ಞಾನ ಇಷ್ಟು ಹೇಳಿತು. ರಾಷ್ಟ್ರಗಳು ಮಾಡತಕ್ಕದ್ದೇನು? ಕಷ್ಟವಿರುವುದು ಇಲ್ಲಿ. ಹಳೆಯ ಮೈಸೂರಿನ ಗ್ರಾಮಗಳಲ್ಲಿ ಕೆರೆಯ ನೀರನ್ನು ಹಂಚುವುದಕ್ಕೆ ನೀರುಗಂಟಿ ಎಂಬವನೊಬ್ಬನಿರುತ್ತಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಮೇಲಣ ಗದ್ದೆಯವನು ಎಷ್ಟೇ ದೊಡ್ಡ ಕುಳವಾಗಿರಲಿ, ಸರದಿ ತಪ್ಪಿಸಿ ಕಾಲುವೆಗೆ ಕೈಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ರೈತರೆಲ್ಲ ಅವನಿಗೆ ಧಾನ್ಯದ ಆಯ ಅಳೆದುಕೊಡುತ್ತಿದ್ದರು. ತಂಟೆ ಮಿತಿಮೀರಿದರೆ ಅಮಲ್ದಾರರ ಕಚೇರಿಯಿತ್ತು. ವಾಯುಮಂಡಲವೂ ಎಲ್ಲರದಾದ ಒಂದು ಕೆರೆ. ಆದರೆ ಅದಕ್ಕೆ ನೀರುಗಂಟಿಯಿಲ್ಲ, ರಾಷ್ಟ್ರಗಳ ಮೇಲೆ ಅಮಲ್ದಾರನೂ ಇಲ್ಲ. ಒಂದು ದೇಶ ತನ್ನ ಕಾರ್ಖಾನೆಗಳನ್ನು ಮುಚ್ಚಿ ನಷ್ಟ ಅನುಭವಿಸಿದರೆ ಅದರ ಫಲ ಎಲ್ಲರಿಗೂ ಹೋಗುತ್ತದೆ. ನೆರೆಯ ದೇಶ ಸುಮ್ಮನಿದ್ದು ಆ ಫಲವನ್ನೂ ಉಣ್ಣುತ್ತದೆ, ಮುಚ್ಚಿದ ಕಾರ್ಖಾನೆಯ ವ್ಯಾಪಾರವನ್ನೂ ಕಿತ್ತುಕೊಳ್ಳುತ್ತದೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆ ಹೇಳುವುದು ಇದನ್ನೇ. ಈ ಆಸೆಯನ್ನು ಉಪದೇಶದಿಂದ ನಿವಾರಿಸಬಹುದೆಂದು ನಂಬಿದ ಕರಾರುಗಳು ಕಾಗದದಲ್ಲಿಯೇ ಉಳಿದಿವೆ.

ಮಾಂಟ್ರಿಯಲಿನಲ್ಲಿ ಕೂತವರು ಹಾಗೆ ನಂಬಲಿಲ್ಲ. ಕರಾರಿಗೆ ಸೇರಿದ ದೇಶಗಳು ಸೇರದ ದೇಶಗಳೊಡನೆ ಈ ವಾಯುಗಳ ವ್ಯಾಪಾರವನ್ನೇ ಮಾಡಕೂಡದು ಎಂದು ಬರೆದರು. ಹೊರಗಿದ್ದವನಿಗೆ ಲಾಭವಿಲ್ಲದಂತಾಯಿತು. ಮೊದಲು ಒಪ್ಪಿದ್ದು ತಯಾರಿಕೆಯನ್ನು 1998-99ರ ವೇಳೆಗೆ ಅರ್ಧಕ್ಕೆ ಇಳಿಸುವುದೆಂದು ಮಾತ್ರ. ಆದರೆ ವಿಜ್ಞಾನಿಗಳ ಹೊಸ ವರದಿಗಳನ್ನು ನೋಡಿಕೊಂಡು ಆ ಪ್ರಮಾಣವನ್ನು ಬಿಗಿಮಾಡಲು, ಪ್ರತಿಸಲವೂ ಎಲ್ಲ ದೇಶಗಳ ಶಾಸನಸಭೆಗಳ ಬಾಗಿಲಿಗೆ ಹೋಗದೆ, ಬಹುಮತದಿಂದ ತೀರ್ಮಾನಿಸುವ ಅವಕಾಶವನ್ನು ಇಟ್ಟುಕೊಂಡರು. ಈ ಅವಕಾಶವನ್ನು ಚೆನ್ನಾಗಿ ಉಪಯೋಗಿಸಿಕೊಂಡದ್ದೂ ಆಯಿತು. ಶ್ರೀಮಂತ ದೇಶಗಳಲ್ಲಿ ಸಿ.ಎಫ್.ಸಿ. ತಯಾರಿಕೆ ಅರ್ಧವಲ್ಲ, ಪೂರ್ತಿಯಾಗಿಯೇ 1996ರ ಆರಂಭಕ್ಕೆ ನಿಂತಿತು. ಧ್ರುವದ ಮೇಲಣ ನಷ್ಟಕ್ಕೆ ಕ್ಲೋರೀನೇ ಕಾರಣವೆಂಬುದು ಸಂದೇಹವಿಲ್ಲದಂತೆ ಸಿದ್ಧವಾಗುವ ಮೊದಲೇ ಇಷ್ಟು ದೇಶಗಳು ರುಜು ಹಾಕಿದುವೆಂಬುದನ್ನೂ ಹೇಳಬೇಕು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕುವುದೇ ರಾಜಕೀಯದ ರೂಢಿ; ಒಂದು ಸಲವಾದರೂ ಬಾಗಿಲನ್ನು ಮುಂಚೆ ಹಾಕಿದರು.

ಇನ್ನು ಬಡದೇಶಗಳ ಮಾತು. ಇದು ನಮ್ಮ ಮಾತೂ ಹೌದಾದುದರಿಂದ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. 1980ರ ದಶಕದಲ್ಲಿ ಅಮೆರಿಕದ ಪ್ರಜೆಯ ಪಾಲಿಗೆ ವರ್ಷಕ್ಕೆ ಸುಮಾರು ಒಂದು ಕಿಲೋಗ್ರಾಂ ಸಿ.ಎಫ್.ಸಿ. ಬರುತ್ತಿದ್ದರೆ ಭಾರತೀಯನ ಪಾಲು ಗ್ರಾಂಗಳಲ್ಲಿ ಎಣಿಸತಕ್ಕಷ್ಟು. ಕೆಡಿಸಿದವರು ಅವರು, ಈಗ ತಣ್ಣನೆಯ ನೀರನ್ನು ಬಿಡಬೇಕಾದವರು ನಾವೋ ಎಂದು ಕೇಳುವುದು ಸಹಜವೇ. ಮಾಂಟ್ರಿಯಲ್ ಕರಾರು ಬಡದೇಶಗಳಿಗೆ ಹತ್ತು ವರ್ಷದ ವಾಯಿದೆ ಕೊಟ್ಟಿತು. ಭಾರತಕ್ಕೂ ಚೀನಕ್ಕೂ ಅದು ಸಾಲದಾಯಿತು. ಬದಲಿ ವಾಯುಗಳನ್ನು ತಯಾರಿಸುವ ವಿದ್ಯೆ ಶ್ರೀಮಂತರ ಕೈಯಲ್ಲಿತ್ತು. ಅದನ್ನು ಕೊಂಡುಕೊಳ್ಳುವ ಹಣ ನಮ್ಮಲ್ಲಿರಲಿಲ್ಲ. ಎರಡು ದೇಶಗಳೂ ಹೊರಗೇ ನಿಂತುವು. ಜಗತ್ತಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಹೊರಗಿದ್ದು, ಮುಂದೆ ಅವರ ಮನೆಮನೆಗೂ ಶೈತ್ಯಪೆಟ್ಟಿಗೆ ಬಂದರೆ, ಉಳಿದವರ ತ್ಯಾಗ ನೀರಿನಲ್ಲಿ ಹೋಮಮಾಡಿದಂತೆಯೇ ಸರಿ. 1990ರ ಜೂನ್ ತಿಂಗಳಲ್ಲಿ ಲಂಡನ್ ನಗರದಲ್ಲಿ ಸೇರಿದ ಸಭೆಯಲ್ಲಿ ಈ ವಿಷಯ ಕಟುವಾಗಿಯೇ ಚರ್ಚೆಗೆ ಬಂದಿತು. ಭಾರತದ ಪರವಾಗಿ ಮಂತ್ರಿಣಿ ಮೇನಕಾ ಗಾಂಧಿಯವರು ಹಣವಿಲ್ಲದೆ, ವಿದ್ಯೆ ದೊರೆಯದೆ ನಾವು ಸೇರುವಂತಿಲ್ಲವೆಂದು ಪಟ್ಟುಹಿಡಿದರು. ಕೊನೆಗೆ ಬಹುರಾಷ್ಟ್ರೀಯ ನಿಧಿಯೊಂದು ಏರ್ಪಟ್ಟಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರು. ಭಾರತ, ಚೀನಗಳು ಸೇರುವುದಾದರೆ 24 ಕೋಟಿ. ಚೀನ 1991ರಲ್ಲಿಯೂ ಭಾರತ 1992ರಲ್ಲಿಯೂ ಸೇರಿದುವು.

ಈ ನಿಧಿಯ ಆಡಳಿತದಲ್ಲಿ ನಮಗೆ ಬಹಳ ಹಿಡಿಸಿದ ಒಂದು ಏರ್ಪಾಟುಂಟು. ಕಾರ್ಯಸಮಿತಿಯಲ್ಲಿ 14 ಸ್ಥಾನಗಳು. ಕೊಡುವವರಿಗೆ ಏಳು, ತೆಗೆದುಕೊಳ್ಳುವವರಿಗೆ ಏಳು. ವಿಶ್ವಬ್ಯಾಂಕಿನಂಥ ಸಂಸ್ಥೆಗಳಲ್ಲಿ ಹಣ ಹೆಚ್ಚು ಹಾಕಿದವನಿಗೆ ಮತ ಹೆಚ್ಚು. ಇಲ್ಲಿ ಹಾಗಲ್ಲ. ಹಣವನ್ನು ದಾನವೆಂದು ಕೊಡಲಿಲ್ಲ, ಭಿಕ್ಷೆಯೆಂದು ತೆಗೆದುಕೊಳ್ಳಲಿಲ್ಲ. ಮುಚ್ಚಬೇಕಾದ ಕಾರ್ಖಾನೆಗೆ ಇಷ್ಟು, ಹೊಸ ಯಂತ್ರಕ್ಕೆ ಇಷ್ಟು ಎಂದು ವ್ಯಾಪಾರಿಗಳಂತೆ ಲೆಕ್ಕಹಾಕಿದರು. ಭಾರತದಲ್ಲಿ ಸಿ.ಎಫ್.ಸಿ. ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸುವುದಕ್ಕೆಂದು 1999ರಲ್ಲಿ 8 ಕೋಟಿ 20 ಲಕ್ಷ ಡಾಲರು ಮಂಜೂರಾಯಿತು. ಬಡದೇಶಗಳ ವಾಯಿದೆ ಮುಗಿದದ್ದು 2010ರ ಮೊದಲ ದಿನ. ಉಬ್ಬಸದ ರೋಗಿಗಳು ಬಾಯಿಗೆ ಹಿಡಿದು ಎಳೆಯುವ ಔಷಧದ ಕೊಳವೆಗಳಿಗೆ ಇನ್ನು ಕೆಲವು ಕಾಲ ವಿನಾಯಿತಿ ಕೊಟ್ಟರು. ಉಸಿರಿಗೆ ಬದಲಿ ಸಿಕ್ಕುವವರೆಗೆ ಕಾಯುವುದು ನ್ಯಾಯವಷ್ಟೆ.

ಫಲವೇನಾಯಿತು? 2022ರಲ್ಲಿ ವಿಜ್ಞಾನಿಗಳು ಸಿದ್ಧಪಡಿಸಿದ ವರದಿಯ ಪ್ರಕಾರ, ಈಗಿನ ಕ್ರಮವನ್ನೇ ನಡೆಸಿಕೊಂಡುಹೋದರೆ ಓಜೋನ್ ಪದರ 1980ರ ಸ್ಥಿತಿಗೆ ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೂ, ಉತ್ತರ ಧ್ರುವದ ಮೇಲೆ 2045ರ ಸುಮಾರಿಗೂ, ದಕ್ಷಿಣ ಧ್ರುವದ ಮೇಲೆ 2066ರ ಸುಮಾರಿಗೂ ಮರಳುವುದು. ಅರ್ಧ ಶತಮಾನದಲ್ಲಿ ಕೆಡಿಸಿದ್ದನ್ನು ಸರಿಪಡಿಸಲು ಮುಕ್ಕಾಲು ಶತಮಾನಕ್ಕೂ ಮೇಲ್ಪಟ್ಟು ಕಾಲ. ನಿಧಾನವೆಂದು ತೋರಬಹುದು; ಆದರೆ ಹಿಂದಿರುಗುತ್ತಿದೆ.

ಕಳ್ಳತನ ನಡೆಯಲಿಲ್ಲವೆಂದು ಯಾರೂ ತಿಳಿಯಬಾರದು. 2018ರಲ್ಲಿ ಪ್ರಕಟವಾದ ಅಳತೆಗಳಿಂದ ಒಂದು ವಿಚಿತ್ರ ಹೊರಬಿದ್ದಿತು. ಸಿ.ಎಫ್.ಸಿ. ಹನ್ನೊಂದು ಎಂಬ ಜಾತಿಯ ವಾಯು, ಯಾರೂ ತಯಾರಿಸುತ್ತಿಲ್ಲವೆಂದು ಲೆಕ್ಕದಲ್ಲಿ ಬರೆದಿದ್ದರೂ, 2012ರಿಂದೀಚೆಗೆ ಹೆಚ್ಚಾಗಿ ಗಾಳಿಗೆ ಸೇರುತ್ತಿತ್ತು. ಕೊರಿಯದ ಜೆಜು ದ್ವೀಪದ ಒಂದು ಠಾಣೆ, ಜಪಾನಿನ ಹತೆರುಮಾ ದ್ವೀಪದ ಒಂದು ಠಾಣೆ, ಈ ಎರಡರಲ್ಲಿಯೂ ಗಾಳಿ ಬೀಸಿದ ದಿಕ್ಕನ್ನು ಹಿಡಿದು ಹುಡುಕಿದಾಗ, ಹೆಚ್ಚಿದ ಪಾಲಿನ ಬಹುಭಾಗ ಚೀನ ದೇಶದ ಪೂರ್ವದ ಷಾನ್‌ಡಾಂಗ್, ಹೆಬೈ ಪ್ರಾಂತಗಳ ಕಡೆಯಿಂದ ಬರುತ್ತಿದೆಯೆಂದು 2019ರಲ್ಲಿ ತಿಳಿದುಬಂದಿತು. ನೊರೆಹಲಗೆಗಳನ್ನು ತಯಾರಿಸುವವರು ಅಗ್ಗವೆಂದು ಕದ್ದು ಉಪಯೋಗಿಸುತ್ತಿದ್ದರೆಂಬ ವರದಿಗಳು ಬಂದುವು. ಚೀನ ಸರ್ಕಾರ ತಪಾಸಣೆ ನಡೆಸಿತು. 2021ರಲ್ಲಿ ಹೊರಬಂದ ಅಳತೆಗಳಲ್ಲಿ ಆ ವಾಯು ಮತ್ತೆ ಇಳಿಮುಖವಾಗಿತ್ತು. ಕಳ್ಳನನ್ನು ಪೋಲೀಸರು ಹಿಡಿಯಲಿಲ್ಲ. ಸಮುದ್ರದ ಮಧ್ಯೆ ಗಾಳಿಯನ್ನು ಸೀಸೆಗೆ ತುಂಬಿ ಅಳೆಯುತ್ತ ಕೂತಿದ್ದವರು ಹಿಡಿದರು. ನೀರುಗಂಟಿಯಿಲ್ಲದ ಕೆರೆಗೆ ಈ ಅಳತೆಗಾರರೇ ಅರೆ ನೀರುಗಂಟಿಗಳು. ಇಂಥ ಠಾಣೆಗಳಿಗೆ ಹಣ ಕಡಿಮೆಮಾಡುವ ಮಾತು ಆಗಾಗ ಹುಟ್ಟುವುದುಂಟು. ಅದು ಬಹಳ ತಿಳಿಗೇಡಿತನದ ಉಳಿತಾಯವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಇದೇ ರೀತಿಯಲ್ಲಿ ಅಂಗಾರಾಮ್ಲವಾಯುವನ್ನೂ ಏಕೆ ಕಟ್ಟಿಹಾಕಲಾಗಲಿಲ್ಲ? 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭವಾದಾಗ ಅದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲಿತ್ತು. ಈಗ 420ನ್ನು ಮೀರಿದೆ. 1992ರಲ್ಲಿ ರಿಯೋ ನಗರದಲ್ಲಿ, 1997ರಲ್ಲಿ ಕ್ಯೋಟೋ ನಗರದಲ್ಲಿ, 2015ರಲ್ಲಿ ಪ್ಯಾರಿಸಿನಲ್ಲಿ ಕರಾರುಗಳಾದುವು. ಏರಿಕೆ ನಿಂತಿಲ್ಲ. ಸಾಮಾನ್ಯವಾಗಿ ಕೊಡುವ ಉತ್ತರ, ಇದು ಹೆಚ್ಚು ದೊಡ್ಡ ಕೆಲಸವೆಂಬುದು. ಉತ್ತರ ಸರಿಯೇ. ಸಿ.ಎಫ್.ಸಿ.ಯನ್ನು ಜಗತ್ತಿನಲ್ಲಿ ತಯಾರಿಸುತ್ತಿದ್ದವರು ಬೆರಳೆಣಿಕೆಯ ದೊಡ್ಡ ಕಂಪನಿಗಳು. ಬದಲಿ ವಾಯುವನ್ನು ಮಾರಿಯೂ ಲಾಭ ಪಡೆಯಬಹುದೆಂದು ತಿಳಿದ ಮೇಲೆ ಅವು ಕರಾರಿನ ಕಡೆಗೇ ವಾಲಿದುವು. ಅಂಗಾರಾಮ್ಲವಾದರೋ ಅಡಿಗೆಯ ಒಲೆಯಲ್ಲಿದೆ, ರೈಲಿನಲ್ಲಿದೆ, ಸಿಮೆಂಟಿನಲ್ಲಿದೆ, ಈ ಮಾತನ್ನು ನಿಮ್ಮ ಕಿವಿಗೆ ತಂದು ಮುಟ್ಟಿಸುವ ವಿದ್ಯುಚ್ಛಕ್ತಿಯಲ್ಲಿದೆ.

ಆದರೆ ಕೆಲಸ ದೊಡ್ಡದೆಂಬುದೊಂದೇ ಕಾರಣವಲ್ಲವೆಂದು ನಮಗೆ ತೋರುತ್ತದೆ. ವಿನಾಯಿತಿ ಬೇರೆ, ವಾಯಿದೆ ಬೇರೆ. ಮಾಂಟ್ರಿಯಲಿನಲ್ಲಿ ಬಡದೇಶಗಳಿಗೆ ದೊರೆತದ್ದು ವಾಯಿದೆ: ಈಗ ಬೇಡ, ಇಂಥ ದಿನದಿಂದ ನೀವೂ, ಅಷ್ಟರೊಳಗೆ ಹಣವೂ ವಿದ್ಯೆಯೂ ಬರುವುದು ಎಂದು. ಕ್ಯೋಟೋವಿನಲ್ಲಿ ದೊರೆತದ್ದು ವಿನಾಯಿತಿ: ಪ್ರಮಾಣಗಳೆಲ್ಲ ಶ್ರೀಮಂತರಿಗೆ, ಬಡವರ ಸರದಿ ಯಾವಾಗ ಎಂಬುದಕ್ಕೆ ತಾರೀಖಿಲ್ಲ. ಮೇಲುನೋಟಕ್ಕೆ ವಿನಾಯಿತಿಯೇ ಹೆಚ್ಚಿನ ಔದಾರ್ಯ. ಪರಿಣಾಮದಲ್ಲಿ ಅದು ಎಲ್ಲರಿಗೂ ನೆಪವಾಯಿತು. 1997ರ ಜುಲೈ ತಿಂಗಳಲ್ಲಿ, ಎಂದರೆ ಕ್ಯೋಟೋ ಸಭೆಗೆ ಮೊದಲೇ, ಅಮೆರಿಕದ ಸೆನೆಟ್ ಸಭೆ ಬಡದೇಶಗಳನ್ನು ಕಟ್ಟದ ಕರಾರನ್ನು ಒಪ್ಪಕೂಡದೆಂದು 95 ಮತಗಳಿಂದ, ವಿರೋಧವೇ ಇಲ್ಲದೆ, ನಿರ್ಣಯಿಸಿತ್ತು. ಅಮೆರಿಕ ಆ ಕರಾರನ್ನು ಸ್ಥಿರೀಕರಿಸಲೇ ಇಲ್ಲ. ಕೆನಡಾ 2011ರಲ್ಲಿ ಬಿಟ್ಟುಹೋಗುವುದಾಗಿ ಸಾರಿತು. ವ್ಯಾಪಾರದ ಬಾಗಿಲು ಮುಚ್ಚುವ ಕಟ್ಟಲೆ ಅದರಲ್ಲಿರಲಿಲ್ಲವಾದುದರಿಂದ ಹೊರಗೆ ಹೋದವರಿಗೆ ಕಾಸಿನ ನಷ್ಟವೂ ಆಗಲಿಲ್ಲ. ಪ್ಯಾರಿಸಿನಲ್ಲಿ ಇನ್ನೊಂದು ಅಂಚಿಗೆ ಹೋಗಿ, ಯಾರು ಎಷ್ಟು ಮಾಡಬೇಕೆಂಬುದನ್ನು ಅವರವರಿಗೇ ಬಿಟ್ಟರು. ಅಮೆರಿಕ 2020ರಲ್ಲಿ ಅದನ್ನು ಬಿಟ್ಟಿತು, 2021ರಲ್ಲಿ ಸೇರಿತು, 2025ರ ಜನವರಿಯಲ್ಲಿ ಮತ್ತೆ ಬಿಡುವುದಕ್ಕೆ ಆಜ್ಞೆ ಹೊರಡಿಸಿತು.

ಹಣದ ಮಾತಿನಲ್ಲಿಯೂ ಅಂತರ ದೊಡ್ಡದು. ವರ್ಷಕ್ಕೆ 10,000 ಕೋಟಿ ಡಾಲರು ಕೊಡುವೆವೆಂದು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೇಳಿದ ಮಾತಿಗೆ 2020 ಗಡುವಾಗಿತ್ತು; ಕೊಟ್ಟವರ ಲೆಕ್ಕದಂತೆಯೇ ಅದು ನೆರವೇರಿದ್ದು 2022ರಲ್ಲಿ. 2024ರಲ್ಲಿ ಬಾಕು ನಗರದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಎಂದು ತೀರ್ಮಾನವಾದಾಗ ಭಾರತದ ಪ್ರತಿನಿಧಿ ಸಭೆಯಲ್ಲಿಯೇ ಎದ್ದು ಆಕ್ಷೇಪಿಸಿದರು. ಈಚೆಗೆ ಯೂರೋಪಿನವರು ಉಕ್ಕು, ಸಿಮೆಂಟು, ಅಲ್ಯೂಮಿನಿಯಂ ಮೊದಲಾದುವು ತಮ್ಮ ಗಡಿಯೊಳಗೆ ಬರುವಾಗ ಅವುಗಳ ತಯಾರಿಕೆಯಲ್ಲಿ ಹೊರಟ ಅಂಗಾರಾಮ್ಲಕ್ಕೆ ತೆರಿಗೆ ಹಾಕುವ ಕ್ರಮವನ್ನು ಆರಂಭಿಸಿದ್ದಾರೆ. ಮಾಂಟ್ರಿಯಲಿನ ವ್ಯಾಪಾರದ ಬಾಗಿಲನ್ನು ಇವರೂ ಹಾಕುತ್ತಿದ್ದಾರೆಂದು ಕೆಲವರು ಹೊಗಳುತ್ತಾರೆ. ಬಾಗಿಲು ಹಾಕುವುದನ್ನು ಕಲಿತರು. ಅದರ ಪಕ್ಕದಲ್ಲಿಯೇ ಇದ್ದ ಬೊಕ್ಕಸವನ್ನು ತೆರೆಯುವುದನ್ನು ಮರೆತರು. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಅಂಗಾರಾಮ್ಲ, ಅಮೆರಿಕದವನ ಪಾಲಿಗೆ ಸುಮಾರು ಹದಿನಾಲ್ಕು. ಹೀಗಿರುವಾಗ ಬಾಗಿಲು ಮಾತ್ರ ಕಂಡರೆ ಒಳಗಿನ ಸಭೆಯ ಮೇಲೆ ಯಾರಿಗೆ ವಿಶ್ವಾಸ ಹುಟ್ಟೀತು?

ಹಣ ಕೊಟ್ಟಮಾತ್ರಕ್ಕೆ ಎಲ್ಲ ಸರಿಹೋಗುವುದೆಂದೂ ನಾವು ಹೇಳುವುದಿಲ್ಲ. ಕ್ಯೋಟೋ ಕರಾರಿನ ಒಂದು ಏರ್ಪಾಟಿನಂತೆ, ಒಂದು ಜಾತಿಯ ಶೈತ್ಯವಾಯುವನ್ನು ತಯಾರಿಸುವಾಗ ಉಪೋತ್ಪನ್ನವಾಗಿ ಹೊರಡುವ ಎಚ್.ಎಫ್.ಸಿ. ಇಪ್ಪತ್ತಮೂರು ಎಂಬ ಬಹು ಉಗ್ರವಾದ ವಾಯುವನ್ನು ಸುಟ್ಟರೆ ಕಾರ್ಖಾನೆಗಳಿಗೆ ಹಣ ಸಿಕ್ಕುತ್ತಿತ್ತು. ಚೀನ, ಭಾರತಗಳ ಕಾರ್ಖಾನೆಗಳು ಇದರಲ್ಲಿ ಮುಂದೆ ಬಂದುವು. ಸುಡುವುದಕ್ಕೆ ಬರುವ ಹಣ ಮೂಲ ಸರಕಿನ ಲಾಭವನ್ನೇ ಮೀರಿತು. ಸುಡುವುದಕ್ಕೋಸ್ಕರವೇ ಕೆಲವರು ಹೆಚ್ಚು ತಯಾರಿಸುತ್ತಿದ್ದಾರೆಂಬ ಸಂಶಯ ಹುಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಯೂರೋಪಿನವರು 2013ರಲ್ಲಿ ಆ ಲೆಕ್ಕವನ್ನು ನಿರಾಕರಿಸಿದರು. 2016ರಲ್ಲಿ ಭಾರತ ಸರ್ಕಾರವೇ ತನ್ನ ಕಾರ್ಖಾನೆಗಳಿಗೆ, ಇನ್ನುಮುಂದೆ ನಿಮ್ಮ ಖರ್ಚಿನಲ್ಲಿಯೇ ಸುಡಿರಿ ಎಂದು ಆಜ್ಞಾಪಿಸಿತು. ಅದೇ ಸರಿಯಾದ ದಾರಿ.

ಆ ಆಜ್ಞೆ ಹೊರಟದ್ದು ಆಫ್ರಿಕದ ರುವಾಂಡಾ ದೇಶದ ಕಿಗಾಲಿ ನಗರದಲ್ಲಿ ಮಾಂಟ್ರಿಯಲ್ ಕರಾರಿನ ದೇಶಗಳು ಸೇರಿದ್ದಾಗ. ಸಿ.ಎಫ್.ಸಿ.ಗೆ ಬದಲಾಗಿ ಬಂದ ಎಚ್.ಎಫ್.ಸಿ. ಎಂಬ ವಾಯುಗಳು ಓಜೋನಿಗೆ ಕೇಡುಮಾಡುವುದಿಲ್ಲವಾದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಅಣ್ಣನಿಗೆ ತಕ್ಕ ತಮ್ಮಂದಿರು. ಬಹಳ ಬಳಕೆಯಲ್ಲಿರುವ ಒಂದು ಜಾತಿಯದು ತೂಕಕ್ಕೆ ತೂಕ ಅಂಗಾರಾಮ್ಲದ ಸುಮಾರು 1,400 ಪಾಲು ಬಿಸಿಕಾರಿ. ಇವುಗಳನ್ನೂ ಹಳೆಯ ಕರಾರಿನೊಳಕ್ಕೇ ತಂದರು. ಹಾಗೆ ಮಾಡಿದರೆ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ಬಿಸಿ ತಪ್ಪುವುದೆಂದು ಅಂದಾಜು. ಇಲ್ಲಿಯೂ ವಿನಾಯಿತಿಯಲ್ಲ, ವಾಯಿದೆ. ಶ್ರೀಮಂತ ದೇಶಗಳು 2019ರಿಂದಲೇ ಇಳಿಸತೊಡಗಿದುವು. ಚೀನ ಮೊದಲಾದುವುಗಳಿಗೆ ಏರಿಕೆ ನಿಲ್ಲಬೇಕಾದದ್ದು 2024ರಲ್ಲಿ. ಭಾರತಕ್ಕೂ ಅತಿಯಾದ ಸೆಕೆಯ ಇನ್ನು ಕೆಲವು ದೇಶಗಳಿಗೂ 2028ರಲ್ಲಿ. ಅಲ್ಲಿಂದ 2032ರ ಮೇಲೆ ಇಳಿಸುತ್ತ ಹೋಗಿ 2047ರ ವೇಳೆಗೆ ನೂರಕ್ಕೆ 85 ಪಾಲನ್ನು ಬಿಡಬೇಕು. 2021ರಲ್ಲಿ ಭಾರತ ಇದನ್ನು ಸ್ಥಿರೀಕರಿಸಿತು.

ಈ ವಾಯಿದೆ ನಮಗೆ ಸಣ್ಣ ವಿಷಯವಲ್ಲ. ನಮ್ಮ ದೇಶದಲ್ಲಿ ಹವಾನಿಯಂತ್ರಕ ಯಂತ್ರವಿರುವ ಮನೆಗಳು ಇನ್ನೂ ಹತ್ತರಲ್ಲೊಂದರ ಆಸುಪಾಸಿನಲ್ಲಿವೆ. ಕಲ್ಬುರ್ಗಿ, ರಾಯಚೂರುಗಳ ಬೇಸಗೆಯನ್ನು ಕಂಡವರು ತಂಪನ್ನು ಭೋಗವೆಂದು ಹೇಳಲಾರರು. ತಗಡಿನ ಸೂರಿನ ಕೆಳಗಿರುವ ಹಸುಗೂಸಿಗೂ ಮುದುಕರಿಗೂ ಅದು ಪ್ರಾಣದ ಪ್ರಶ್ನೆ. ಆಸ್ಪತ್ರೆಯ ಲಸಿಕೆ, ಹಳ್ಳಿಯಿಂದ ಪೇಟೆಗೆ ಬರುವ ಹಾಲು, ಇವುಗಳಿಗೂ ಅದು ಬೇಕು. 2019ರಲ್ಲಿ ಭಾರತ ಸರ್ಕಾರ ಹೊರಡಿಸಿದ ತಂಪಿನ ಯೋಜನೆಯಲ್ಲಿ, 2017-18ರಿಂದ ಇಪ್ಪತ್ತು ವರ್ಷಗಳಲ್ಲಿ ದೇಶದ ಒಟ್ಟು ಬೇಡಿಕೆ ಸುಮಾರು ಎಂಟುಪಟ್ಟಾಗುವುದೆಂದು ಅಂದಾಜು ಮಾಡಿದ್ದಾರೆ. ಕಡಿಮೆ ಬಿಸಿಯ ವಾಯುಗಳು ಇಲ್ಲದಿಲ್ಲ. ಪ್ರೋಪೇನ್ ತುಂಬಿದ ಯಂತ್ರಗಳು ನಮ್ಮಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದಿವೆ. ಅದು ಅಡಿಗೆಯ ಅನಿಲದ ಬಂಧು, ಬೆಂಕಿ ಹೊತ್ತುವಂಥದು, ಅದನ್ನು ತುಂಬುವವನಿಗೆ ಕೈಚಳಕದೊಡನೆ ಶಿಕ್ಷಣವೂ ಇರಬೇಕು. ಈಗ ಅನೇಕ ಕಡೆ ಯಂತ್ರ ಕೆಟ್ಟಾಗ ಬಂದ ಮೆಕ್ಯಾನಿಕ್ಕು ಮೊದಲು ಮಾಡುವುದೇ ಹಳೆಯ ವಾಯುವನ್ನು ಬುಸ್ಸೆಂದು ಹೊರಕ್ಕೆ ಬಿಡುವುದು. ಅದನ್ನು ಮತ್ತೆ ಸಿಲಿಂಡರಿಗೆ ಹಿಡಿದಿಡುವ ಉಪಕರಣ ಅವನಲ್ಲಿರುವುದಿಲ್ಲ. ಇದ್ದರೂ ಆ ಶ್ರಮಕ್ಕೆ ಕೂಲಿ ಕೊಡುವವರಿಲ್ಲ.

ವಾಯಿದೆಯ ಲೆಕ್ಕದಲ್ಲಿ ಒಂದು ಕೊಂಕೂ ಉಂಟು. 2028ರಲ್ಲಿ ನಮ್ಮ ಮಿತಿಯನ್ನು ಗೊತ್ತುಮಾಡುವಾಗ 2024, 2025, 2026 ಈ ಮೂರು ವರ್ಷಗಳ ಬಳಕೆಯ ಸರಾಸರಿಯನ್ನು ಹಿಡಿಯುತ್ತಾರೆ. ಎಂದರೆ ಆ ಮೂರು ವರ್ಷಗಳಲ್ಲಿ ಹೆಚ್ಚು ಬಳಸಿದಷ್ಟೂ ಮುಂದೆ ನಮಗೆ ದೊರೆಯುವ ಪಾಲು ದೊಡ್ಡದಾಗುತ್ತದೆ. ಆದರೆ ಒಂದು ಯಂತ್ರದ ಆಯುಸ್ಸು ಹತ್ತು ಹದಿನೈದು ವರ್ಷ. ಮಿತಿ ಜಾರಿಗೆ ಬರುವ ಮುಂಚೆ ಅಗ್ಗವೆಂದು ಗೋಡೆಗೆ ತೂಗುಹಾಕಿದ ಹಳೆಯ ಜಾತಿಯ ಯಂತ್ರ 2040ರ ಸುಮಾರಿಗೂ ಅಲ್ಲಿಯೇ ಇರುತ್ತದೆ; ಅಷ್ಟು ಕಾಲವೂ ಅದಕ್ಕೆ ತುಂಬಲು ಹಳೆಯ ವಾಯುವೇ ಬೇಕು. ಆ ವಾಯುವಿನ ಬೆಲೆ ಅಷ್ಟರಲ್ಲಿ ಎಷ್ಟಾಗಿರುವುದೆಂಬುದನ್ನು ಪೇಟೆಯ ಯಾವ ಅಂಗಡಿಯವನೂ ಈಗ ಕೊಳ್ಳುವವನಿಗೆ ಹೇಳುವುದಿಲ್ಲ.